ಲಾಜರನ ಎರಡನೆಯ ಸಾವು

ಬೇಥಾನ್ಯದ ಲಾಜರ ಎರಡು ಸಲ ಸತ್ತ. ಮೊದಲ ಸಾವಿನ ಕಥೆ ಎಲ್ಲರಿಗೂ ಗೊತ್ತು. ಸಮಾಧಿಯ ಗವಿಯಲ್ಲಿಟ್ಟು ನಾಲ್ಕು ದಿನ ಕಳೆದಿದ್ದವನನ್ನು ಯೇಸುಸ್ವಾಮಿ ಹೆಸರು ಹಿಡಿದು ಕರೆದರು. ಕೈಕಾಲಿಗೆ ಸುತ್ತಿದ್ದ ಬಟ್ಟೆಯ ಸಮೇತ ಅವನು ಎದ್ದು ಹೊರಗೆ ಬಂದ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯ ಇದನ್ನೆಲ್ಲ ನಿಧಾನವಾಗಿ ಹೇಳುತ್ತದೆ. ಮರಿಯಳ ಅಳು, ಕಲ್ಲು ಸರಿಸಿದರೆ ನಾತ ಹೊಡೆಯುತ್ತದೆಂಬ ಮಾರ್ಥಳ ಅಂಜಿಕೆ, ಯೇಸುವಿನ ಕಣ್ಣೀರು, ಒಂದೂ ಬಿಟ್ಟುಹೋಗಿಲ್ಲ. ಎರಡನೆಯ ಸಾವಿನ ಬಗ್ಗೆ ಮಾತ್ರ ಒಂದಕ್ಷರವೂ ಇಲ್ಲ. ಮುಂದಿನ ಅಧ್ಯಾಯದಲ್ಲೇ ಮುಖ್ಯಯಾಜಕರು ಲಾಜರನನ್ನೂ ಕೊಲ್ಲಬೇಕೆಂದು ಆಲೋಚಿಸುವ ಮಾತು ಬರುತ್ತದೆ. ಬದುಕಿ ಬಂದವನ ವಿರುದ್ಧ ಆಗಲೇ ಸಂಚು ಶುರುವಾಗಿತ್ತು. ಆಮೇಲೆ ಅವನು ಸುವಾರ್ತೆಯಿಂದ ಮರೆಯಾಗುತ್ತಾನೆ. ಎಂದೋ ಒಂದು ದಿನ, ಕಾಯಿಲೆಯಿಂದಲೋ ಮುಪ್ಪಿನಿಂದಲೋ, ಅವನು ಮತ್ತೆ ಕಣ್ಣು ಮುಚ್ಚಿರಬೇಕು. ಆ ಸಲ ಸಮಾಧಿಯ ಬಾಯಿಗೆ ಇಟ್ಟ ಕಲ್ಲನ್ನು ಯಾರೂ ಸರಿಸಲಿಲ್ಲ.

ಲಾಜರನೊಬ್ಬನದೇ ಈ ಪಾಡಲ್ಲ. ಯಾಯೀರನ ಹನ್ನೆರಡು ವರ್ಷದ ಮಗಳು ಸಾವಿನಿಂದ ಎದ್ದು ಊಟ ಮಾಡಿದಳು. ಅವಳಿಗೂ ಒಂದು ಕೊನೆಯ ಊಟವಿತ್ತು. ಮೂವತ್ತೆಂಟು ವರ್ಷದ ಕಾಯಿಲೆಯಿಂದ ಕೊಳದ ದಡದಲ್ಲಿ ಬಿದ್ದಿದ್ದವನು ಹಾಸಿಗೆ ಸುತ್ತಿಕೊಂಡು ನಡೆದ. ಆ ಕಾಲುಗಳಲ್ಲೂ ಒಂದು ದಿನ ಕಸುವು ಇಂಗಿತು. ಹುಟ್ಟುಕುರುಡನ ಕಣ್ಣು ತೆರೆದವು, ಮತ್ತೆ ಮುಚ್ಚಿದವು. ಯೇಸುವಿನ ಕೈಯಿಂದ ಗುಣವಾದವರಲ್ಲಿ ಒಬ್ಬರೂ ಈ ಭೂಮಿಯ ಮೇಲೆ ಉಳಿಯಲಿಲ್ಲ. ಕ್ರೈಸ್ತರ ನಂಬಿಕೆಯನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಆ ನಂಬಿಕೆಯ ಒಳಗೆ ನಿಂತೇ, ಅದನ್ನು ಪ್ರೀತಿಸುತ್ತಲೇ ಹೇಳುತ್ತಿದ್ದೇನೆ. ಗುಣವಾದ ಮೈ ಕೂಡ ಹೋಗುವ ಮೈಯೇ ಆಗಿರುವಾಗ, ಗುಣಕ್ಕಾಗಿ ಬೇಡುವುದೆಂದರೆ ಏನನ್ನು ಬೇಡಿದಂತಾಯಿತು? ದೇವರು ಗುಣಪಡಿಸಿದರೆಂದರೆ ಏನು ಕೊಟ್ಟಂತಾಯಿತು?

ಬೆಂಗಳೂರು ಗ್ರಾಮಾಂತರದಲ್ಲಿ ಇದು ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಮನೆಗಳಲ್ಲಿ, ದೇವನಹಳ್ಳಿ ಹೊಸಕೋಟೆಯ ಹಳ್ಳಿಗಳಲ್ಲಿ, ನೆಲಮಂಗಲದ ಹೆದ್ದಾರಿ ಬದಿಯ ಬಾಡಿಗೆ ಮನೆಗಳಲ್ಲಿ ಕಾಯಿಲೆ ಇದ್ದಲ್ಲೆಲ್ಲ ಪ್ರಾರ್ಥನೆಯೂ ಇದೆ. ಕಥೋಲಿಕರ ಮನೆಯಾದರೆ ಜಪಸರ, ಆರೋಗ್ಯ ಮಾತೆಗೆ ನವೇನ, ವೇಳಾಂಗಣಿಗೆ ಹರಕೆ. ಪೆಂತೆಕೋಸ್ತ ಸಭೆಯವರಾದರೆ ಉಪವಾಸ ಪ್ರಾರ್ಥನೆ, ತಲೆಯ ಮೇಲೆ ಕೈಯಿಟ್ಟು ಬೇಡುವುದು, ಸ್ವಸ್ಥತೆ ಹೊಂದಿದವರು ಎದ್ದು ನಿಂತು ಹೇಳುವ ಸಾಕ್ಷಿ. ಆಗಸ್ಟ್ 29ರಂದು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕದಲ್ಲಿ ಬಾವುಟ ಏರಿತೆಂದರೆ ಸೆಪ್ಟೆಂಬರ್ 8ರ ಹಬ್ಬದವರೆಗೆ ಸುತ್ತಲ ಊರುಗಳಿಂದ ಜನ ಹೋಗುತ್ತಲೇ ಇರುತ್ತಾರೆ. ಕಾವಿ ಬಣ್ಣದ ಸೀರೆಯುಟ್ಟು ಮೇಣದಬತ್ತಿ ಹಿಡಿದು ನಿಂತ ಹೆಂಗಸರಲ್ಲಿ ಕ್ರೈಸ್ತರಲ್ಲದವರೂ ಬಹಳ. ಮಕ್ಕಳಿಗಾಗಿ ಘಾಟಿ ಸುಬ್ರಹ್ಮಣ್ಯನಿಗೆ ನಡೆದುಕೊಳ್ಳುವ ಮನೆಯಿಂದಲೇ ಒಬ್ಬರು ಅಲ್ಲಿಗೂ ಬಂದಿರುತ್ತಾರೆ. ಕಾಯಿಲೆ ಬಿದ್ದವರ ತಾಯಿಗೆ ದೇವರ ಮನೆಗಳ ನಡುವಿನ ಬೇಲಿ ಕಾಣುವುದಿಲ್ಲ.

ಇವರು ಏನು ಕೇಳುತ್ತಾರೆಂಬುದನ್ನು ಕಿವಿಗೊಟ್ಟು ಕೇಳಬೇಕು. ‘ಮಗಳ ಮದುವೆ ಮಾಡಿ ಮುಗಿಸೋವರೆಗೂ ಉಳಿಸಪ್ಪಾ.’ ‘ಮಗು ಸ್ಕೂಲಿಗೆ ಹೋಗೋ ಹಂಗಾಗಲಿ ತಾಯೀ.’ ‘ಸಾಲ ತೀರೋ ತನಕ ಕೈ ಆಡಂಗಿರಲಿ ಸ್ವಾಮೀ.’ ಸಾವೇ ಬೇಡವೆಂದು ಯಾರೂ ಬೇಡುವುದಿಲ್ಲ. ಅಮರರಾಗಬೇಕೆಂಬ ಆಸೆ ಪುರಾಣದ ಅಸುರರಿಗೆ ಇತ್ತು; ಹಾಸಿಗೆ ಹಿಡಿದ ಬಡವರಿಗಿಲ್ಲ. ಅವರು ಬೇಡುವುದು ದಿನಗಳನ್ನು, ಅದೂ ಇನ್ನೊಬ್ಬರ ಸಲುವಾಗಿ. ತಮ್ಮ ಬದುಕು ಶಾಶ್ವತವಲ್ಲವೆಂಬ ಅರಿವು ಆ ಬೇಡಿಕೆಯ ಒಳಗೇ ಇದೆ. ತತ್ತ್ವಶಾಸ್ತ್ರ ಬಹಳ ಸುತ್ತಿ ಬಳಸಿ ಮುಟ್ಟುವ ಜಾಗವನ್ನು ಅವರ ಮೊರೆ ಒಂದೇ ಉಸಿರಿಗೆ ಮುಟ್ಟುತ್ತದೆ.

ಬೈಬಲಿನಲ್ಲಿ ಹೀಗೆ ದಿನಗಳನ್ನು ಬೇಡಿ ಪಡೆದವನೊಬ್ಬನಿದ್ದಾನೆ, ಯೆಹೂದದ ಅರಸ ಹಿಜ್ಕೀಯ. ಸಾಯುತ್ತೀಯೆಂದು ಪ್ರವಾದಿ ಯೆಶಾಯ ಹೇಳಿದಾಗ ಅವನು ಗೋಡೆಯ ಕಡೆ ಮುಖ ತಿರುಗಿಸಿ ಅತ್ತು ಬೇಡಿದ. ಉತ್ತರವಾಗಿ ಹದಿನೈದು ವರ್ಷ ಸಿಕ್ಕಿತು. ದೇವರ ಕೊಡುಗೆಗೆ ಇಲ್ಲಿ ಅಳತೆಯಿದೆ. ಹದಿನೈದು ಎಂದು ಎಣಿಸಿ ಕೊಟ್ಟದ್ದು. ಆ ವರ ಬಂದ ದಾರಿಯನ್ನೂ ಗಮನಿಸಬೇಕು. ಅಂಜೂರದ ಹಣ್ಣಿನ ಉಂಡೆ ತಂದು ಹುಣ್ಣಿಗೆ ಕಟ್ಟಿರೆಂದು ಪ್ರವಾದಿಯೇ ಹೇಳುತ್ತಾನೆ. ದೇವರ ಮಾತೂ ಹಳ್ಳಿಯ ಮದ್ದೂ ಒಂದೇ ಹಾಸಿಗೆಯ ಪಕ್ಕ ಸೇರಿವೆ. ನಮ್ಮ ಕಡೆ ಮನೆಯನ್ನು ಭೋಗ್ಯಕ್ಕೆ ಹಿಡಿಯುವವರಿಗೆ ಈ ಲೆಕ್ಕ ಚೆನ್ನಾಗಿ ಅರ್ಥವಾಗುತ್ತದೆ. ಕರಾರು ಮುಗಿಯುವ ದಿನ ಮೊದಲೇ ಗೊತ್ತು, ಮನೆ ತಮ್ಮದಲ್ಲವೆಂಬುದೂ ಗೊತ್ತು. ಆದರೂ ಗೋಡೆಗೆ ಸುಣ್ಣ ಬಳಿಸುತ್ತಾರೆ, ಬಾಗಿಲಿಗೆ ತೋರಣ ಕಟ್ಟುತ್ತಾರೆ, ಮಕ್ಕಳನ್ನು ಅಲ್ಲೇ ಬೆಳೆಸುತ್ತಾರೆ. ಗುಣವಾಗುವುದೆಂದರೆ ಆ ಕರಾರು ಇನ್ನಷ್ಟು ಕಾಲಕ್ಕೆ ಮುಂದುವರಿದಂತೆ. ಅದು ದೊಡ್ಡ ಕೃಪೆ. ಆದರೆ ಮನೆಯ ಒಡೆತನ ಬದಲಾಗುವುದಿಲ್ಲ.

ಈ ಸೀಮೆಯ ನೆಲಕ್ಕೆ ಅನಿತ್ಯತೆಯ ಪಾಠ ಹೊಸದಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿಸಿ ಹೆಸರಘಟ್ಟಕ್ಕೆ ಇಳಿಯುತ್ತಿದ್ದ ಅರ್ಕಾವತಿಯ ನೀರನ್ನು 1890ರ ದಶಕದಲ್ಲಿ ಬೆಂಗಳೂರು ಕೊಳವೆ ಹಾಕಿ ಕುಡಿಯಲು ತಂದುಕೊಂಡಿತು. ಇಂದು ಆ ನದಿಯ ಪಾತ್ರ ವರ್ಷದ ಬಹುಪಾಲು ಒಣಗಿರುತ್ತದೆ. ದೇವನಹಳ್ಳಿಯ ಹೊಲಗಳಿದ್ದಲ್ಲಿ 2008ರಿಂದ ವಿಮಾನಗಳು ಇಳಿಯುತ್ತಿವೆ. 1986ರಲ್ಲಿ ಹುಟ್ಟಿದ ಬೆಂಗಳೂರು ಗ್ರಾಮಾಂತರ ಜಿಲ್ಲೆ 2007ರಲ್ಲಿ ರಾಮನಗರದ ಕಡೆಯ ತಾಲೂಕುಗಳನ್ನು ಬಿಟ್ಟುಕೊಟ್ಟಿತು. 2025ರ ಜುಲೈನಲ್ಲಿ ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟ ಇದನ್ನು ಬೆಂಗಳೂರು ಉತ್ತರ ಎಂದು ಕರೆಯಲು ಒಪ್ಪಿಗೆ ಕೊಟ್ಟಿತು. ನದಿ, ಹೊಲ, ಎಲ್ಲೆ, ಹೆಸರು ಎಲ್ಲವೂ ಒಂದೆರಡು ತಲೆಮಾರಿನ ಕಣ್ಣೆದುರೇ ಬದಲಾದ ಊರಿನಲ್ಲಿ ಕೂತು, ನನ್ನ ಮೈಯೊಂದು ಬದಲಾಗದಿರಲಿ ಎಂದು ಕೇಳುವುದಾದರೂ ಹೇಗೆ?

ಇದೇ ಸೀಮೆಯ ಒಂದು ಹಳ್ಳಿ ಈ ಪ್ರಶ್ನೆಗೆ ತನ್ನದೇ ರೀತಿಯಲ್ಲಿ ಉತ್ತರ ಹೇಳುತ್ತದೆ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಹಿಂಡಿದ ಧಾತು ಈಶ್ವರ ಸಂವತ್ಸರಗಳ ಬರ ನಮ್ಮ ಹಿರಿಯರ ನೆನಪಿನಲ್ಲಿ ಬಹುಕಾಲ ಉಳಿದಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನ 50 ಲಕ್ಷ ದಾಟಿದ್ದರು. 1881ರ ಗಣತಿಗೆ 42 ಲಕ್ಷವೂ ಇರಲಿಲ್ಲ. ಹಸಿವು ಮತ್ತು ಅದರ ಬೆನ್ನಿಗೆ ಬಂದ ರೋಗಗಳು ಊರೂರನ್ನೇ ಗುಡಿಸಿದವು. ಉಳಿದ ಅನಾಥ ಮಕ್ಕಳಿಗಾಗಿ ಕಥೋಲಿಕ ಮಿಷನ್ ಬೇಸಾಯದ ಹೊಲಗಳನ್ನೂ ಅವುಗಳ ಜೊತೆಗೆ ಹಳ್ಳಿಗಳನ್ನೂ ಕಟ್ಟಿತು. ಆಗ ನೆಲಮಂಗಲ ತಾಲೂಕಿಗೆ ಸೇರಿದ್ದ ಶಿಲುವೆಪುರ ಅಂಥದೊಂದು. ಕನಕಪುರದ ಕಡೆಯ ಮರಿಯಾಪುರ ಇನ್ನೊಂದು. ಅದೇ ಮಿಷನ್ನಿನ ಕಾಲದಲ್ಲಿ, 1886ರಲ್ಲಿ, ಗುಡ್ ಶೆಫರ್ಡ್ ಸಭೆಯ ಸಿಸ್ಟರುಗಳು ಬೆಂಗಳೂರಿನಲ್ಲಿ ಸಂತ ಮಾರ್ಥರ ಆಸ್ಪತ್ರೆಯನ್ನು ತೆರೆದರು.

ಬರದಲ್ಲಿ ಬದುಕುಳಿದ ಆ ಮಕ್ಕಳ ಪಾಲಿಗೆ ದೇವರ ಸ್ವಸ್ಥತೆ ಅಂಬಲಿಯ ರೂಪದಲ್ಲಿ ಬಂದಿತು. ಆಮೇಲೆ ನೇಗಿಲಾಗಿ, ಸೂರಾಗಿ, ಓದಾಗಿ ಬೆಳೆಯಿತು. ವೇದಿಕೆಯಿಲ್ಲ, ಗದ್ದಲವಿಲ್ಲ. ಎಲುಬು ಗೂಡಾಗಿದ್ದ ಮಗುವಿಗೆ ದಿನದಿನವೂ ಉಣಿಸಿ ಮೈತುಂಬಿಸುವುದು ಪವಾಡಕ್ಕಿಂತ ನಿಧಾನದ ಕೆಲಸ, ಆದರೆ ಪವಾಡಕ್ಕಿಂತ ಕಿರಿದಾದ ಕೆಲಸವಲ್ಲ. ಆ ಮಕ್ಕಳು ಬೆಳೆದರು, ಮದುವೆಯಾದರು, ಉತ್ತರು, ಮುದುಕರಾದರು, ಸತ್ತರು. ಅವರಲ್ಲಿ ಇಂದು ಒಬ್ಬರೂ ಇಲ್ಲ. ಆದರೆ ಬರದ ದಿನ ಯಾರೋ ಅವರ ಬಾಯಿಗಿಟ್ಟ ತುತ್ತು ಅವರ ಮಕ್ಕಳಲ್ಲಿ, ಮೊಮ್ಮಕ್ಕಳಲ್ಲಿ, ಆ ಹಳ್ಳಿಯ ಉಳಿವಿನಲ್ಲಿ ಸಂದಿದೆ. ಈಗ ಬೆಂಗಳೂರು ಶಿಲುವೆಪುರದ ಸುತ್ತಲಿನ ಹೊಲಗಳನ್ನೂ ನುಂಗುತ್ತ ಬಂದಿದೆ. ಹಳ್ಳಿಯೆಂಬುದೂ ಉಳಿಯುತ್ತದೆಂದು ಹೇಳಲಾಗದು. ಅದರಿಂದ ಆ ತುತ್ತಿನ ಬೆಲೆ ಕಡಿಮೆಯಾಗುತ್ತದೆಯೇ? ಉಳಿಯುವುದಿಲ್ಲ ಎಂಬ ಕಾರಣಕ್ಕೆ ಉಣಿಸದೆ ಇರಬಹುದೇ? ಇಲ್ಲ ಎಂದು ನನ್ನ ಮನಸ್ಸು ಗಟ್ಟಿಯಾಗಿ ಹೇಳುತ್ತದೆ. ಗುಣವಾದ ಮೈ ಅಳಿಯುತ್ತದೆ. ಗುಣಪಡಿಸಿದ ಪ್ರೀತಿ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತ ಹೋಗುತ್ತದೆ.

ಸುವಾರ್ತೆಗಳಲ್ಲೂ ಗುಣ ಮೈಯೊಂದರಲ್ಲೇ ನಿಲ್ಲುವುದಿಲ್ಲ. ಪೇತ್ರನ ಅತ್ತೆ ಜ್ವರದಿಂದ ಮಲಗಿದ್ದಳು. ಯೇಸು ಕೈಹಿಡಿದು ಎಬ್ಬಿಸಿದರು, ಜ್ವರ ಬಿಟ್ಟಿತು, ಅವಳು ಎದ್ದು ಮನೆಗೆ ಬಂದವರನ್ನು ಉಪಚರಿಸಿದಳು. ಮಾರ್ಕನು ಇಷ್ಟನ್ನೇ ಹೇಳಿ ಮುಂದೆ ಹೋಗುತ್ತಾನೆ. ಸಿಕ್ಕ ಆರೋಗ್ಯ ಆ ಗಳಿಗೆಯಲ್ಲೇ ಇನ್ನೊಬ್ಬರ ಹಸಿವಿಗೆ ಸಂದಿತು. ಪಾರ್ಶ್ವವಾಯು ಹೊಡೆದವನನ್ನು ನಾಲ್ವರು ಹೊತ್ತು ತಂದು ಮಾಳಿಗೆ ತೆರೆದು ಇಳಿಸಿದಾಗ ಯೇಸು ಮೊದಲು ಅವನ ಪಾಪವನ್ನು ಕ್ಷಮಿಸುತ್ತಾರೆ, ಆಮೇಲೆ ಕಾಲಿಗೆ ಬಲ ಕೊಡುತ್ತಾರೆ. ಮಲಗಿದ್ದಲ್ಲೇ ವರ್ಷಗಟ್ಟಲೆ ಕಳೆದವನ ಒಳಗೆ ಏನೇನು ಕೊಳೆತಿತ್ತೋ: ತನ್ನ ಮೇಲಿನ ಬೇಸರ, ನಡೆಯುವವರ ಮೇಲಿನ ಸಿಟ್ಟು, ದೇವರು ತನ್ನನ್ನು ಕೈಬಿಟ್ಟನೆಂಬ ಕಹಿ. ಅದು ತೊಳೆದುಹೋಗದೆ ಎದ್ದು ನಡೆದಿದ್ದರೆ ಕಾಲು ಮಾತ್ರ ನಡೆಯುತ್ತಿತ್ತು.

ಹನ್ನೆರಡು ವರ್ಷ ರಕ್ತಸ್ರಾವದಿಂದ ನರಳಿ, ವೈದ್ಯರಿಗೆ ಇದ್ದಬದ್ದದ್ದನ್ನೆಲ್ಲ ಸುರಿದು ಬರಿಗೈಯಾಗಿದ್ದ ಹೆಂಗಸು ಗುಂಪಿನಲ್ಲಿ ಹಿಂದಿನಿಂದ ಬಂದು ಯೇಸುವಿನ ಉಡುಪು ಮುಟ್ಟಿದಳು. ಆ ಕ್ಷಣವೇ ಅವಳ ಮೈ ಗುಣವಾಯಿತು. ಅಷ್ಟಕ್ಕೇ ಯೇಸು ಹೊರಟುಹೋಗಬಹುದಿತ್ತು. ಅವರು ನಿಂತು, ಮುಟ್ಟಿದವರು ಯಾರೆಂದು ವಿಚಾರಿಸಿ, ನಡುಗುತ್ತ ಎದುರಿಗೆ ಬಂದವಳನ್ನು ಎಲ್ಲರ ಮುಂದೆ ಮಗಳೆಂದು ಕರೆದರು. ಮೈಲಿಗೆಯೆಂದು ಹನ್ನೆರಡು ವರ್ಷ ದೂರವಿಟ್ಟವಳನ್ನು ಊರಿನ ನಡುವೆ ಮರಳಿ ನಿಲ್ಲಿಸಿದ್ದು ಆ ಕರೆ. ಕುಷ್ಠರೋಗಿಯನ್ನು ಯೇಸು ಮೊದಲು ಮುಟ್ಟುತ್ತಾರೆ. ರೋಗ ಹೋಗುವುದು ಆಮೇಲೆ. ಯಾರೂ ಮುಟ್ಟದ ಮೈಯನ್ನು ಮುಟ್ಟಿದಾಗಲೇ ಗುಣದ ಮೊದಲ ಪಾಲು ಅವನಿಗೆ ಸಿಕ್ಕಿಬಿಟ್ಟಿತ್ತು. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ಆಸ್ಪತ್ರೆಯ ಬಾಗಿಲಾಚೆ ನಿಂತು ತಮ್ಮವರನ್ನು ಕಳೆದುಕೊಂಡ ಮನೆಗಳಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ. ಉಸಿರು ಹೋದದ್ದಕ್ಕಿಂತ, ಹೋಗುವಾಗ ಕೈ ಹಿಡಿಯಲು ಆಗಲಿಲ್ಲವೆಂಬ ನೋವೇ ಅವರಲ್ಲಿ ಇನ್ನೂ ಮಾಗಿಲ್ಲ.

ಹಾಗೆಂದು ಆತ್ಮದ ಸ್ವಸ್ಥತೆಯ ಹೆಸರಿನಲ್ಲಿ ಮೈಯ ನೋವನ್ನು ಹಗುರಾಗಿ ಕಾಣುವುದು ಸಲ್ಲದು. ಯೇಸು ಹಸಿದವರಿಗೆ ಅನ್ನವನ್ನೇ ಕೊಟ್ಟರು, ಕುರುಡನಿಗೆ ಕಣ್ಣನ್ನೇ ಕೊಟ್ಟರು. ಅಳಿದುಹೋಗುವ ಮೈಯೆಂದು ಅವರು ಮೈಯನ್ನು ತಾತ್ಸಾರ ಮಾಡಲಿಲ್ಲ. ಅನಿತ್ಯತೆಯ ಅರಿವು ಕೆಲವೊಮ್ಮೆ ನಮ್ಮನ್ನು ಕಲ್ಲಾಗಿಸುತ್ತದೆ. ಎಲ್ಲರೂ ಹೋಗುವವರೇ, ಇವತ್ತಲ್ಲ ನಾಳೆ ಎಂದು ಬೇರೆಯವರ ಸಂಕಟದ ಮುಂದೆ ಸುಲಭವಾಗಿ ಹೇಳಿಬಿಡುತ್ತೇವೆ. ನಿಜವಾದ ಅರಿವು ಇದಕ್ಕೆ ವಿರುದ್ಧವಾದ ಫಲ ಕೊಡಬೇಕು. ಹೋಗುವವರಾದ್ದರಿಂದಲೇ ಇವತ್ತು ನೋವಿಲ್ಲದೆ ಇರಲಿ, ಇವತ್ತಿನ ರಾತ್ರಿ ನಿದ್ದೆ ಹತ್ತಲಿ, ಇವತ್ತಿನ ಊಟ ರುಚಿಸಲಿ ಎಂದು ಬಯಸಬೇಕು.

ಇನ್ನು ಗುಣವಾಗದವರ ಮಾತು. ಅವರ ಸಂಖ್ಯೆಯೇ ಹೆಚ್ಚು, ಮತ್ತು ಅವರ ಬಗ್ಗೆ ನಮ್ಮ ಸಭೆಗಳು ಆಡುವ ಮಾತು ಬಹಳ ಕಡಿಮೆ. ಬೈಬಲು ಮಾತ್ರ ಅವರನ್ನು ಮುಚ್ಚಿಡುವುದಿಲ್ಲ. ಪೌಲನ ಕೈಯಿಂದ ಅನೇಕರು ಗುಣವಾದರು. ಅವನ ಮೈಯಲ್ಲೇ ಚುಚ್ಚುತ್ತಿದ್ದ ಮುಳ್ಳೊಂದನ್ನು ತೆಗೆಯಬೇಕೆಂದು ಮೂರು ಸಲ ಬೇಡಿದರೂ ಅದು ಹೋಗಲಿಲ್ಲ. ಅವನ ಸಂಗಡಿಗ ತ್ರೊಫಿಮನು ಮಿಲೇತದಲ್ಲಿ ಕಾಯಿಲೆ ಬಿದ್ದಾಗ ಪೌಲ ಅವನನ್ನು ಅಲ್ಲೇ ಬಿಟ್ಟು ಬರಬೇಕಾಯಿತು. ಅಜೀರ್ಣದಿಂದ ಬಳಲುತ್ತಿದ್ದ ತಿಮೊಥೆಯನಿಗೆ ಪೌಲ ಬರೆದು ಹೇಳಿದ್ದು ಸ್ವಲ್ಪ ದ್ರಾಕ್ಷಾರಸ ಕುಡಿಯೆಂಬ ಮನೆಮದ್ದನ್ನು. ನಂಬಿಕೆ ಸಾಲದೆಂದು ಅವನನ್ನು ಗದರಿಸಲಿಲ್ಲ.

ಮುಂದಿನ ಶತಮಾನಗಳಲ್ಲೂ ಇದೇ ಕಥೆ. ಫ್ರಾನ್ಸಿನ ಲೂರ್ದಿನಲ್ಲಿ 1858ರಲ್ಲಿ ಮಾತೆಯ ದರ್ಶನವಾಯಿತೆಂದು ಹೇಳಿದ ಬೆರ್ನದೆತ್ ಎಂಬ ಹುಡುಗಿ ತೋರಿದ ಬುಗ್ಗೆಗೆ ಇಂದಿಗೂ ಲೋಕದ ರೋಗಿಗಳು ಬರುತ್ತಾರೆ. ಗುಣವಾಯಿತೆಂದು ಅಲ್ಲಿ ವರದಿಯಾದ ಏಳು ಸಾವಿರಕ್ಕೂ ಹೆಚ್ಚು ಪ್ರಕರಣಗಳಲ್ಲಿ ವೈದ್ಯರ ಪರಿಶೀಲನೆ ದಾಟಿ ಕಥೋಲಿಕ ಧರ್ಮಸಭೆ ಪವಾಡವೆಂದು ಒಪ್ಪಿದ್ದು 2018ರ ಹೊತ್ತಿಗೆ 70 ಮಾತ್ರ. ಆ ಬೆರ್ನದೆತ್ತಳೇ ಬಾಲ್ಯದಿಂದ ಉಬ್ಬಸದಲ್ಲಿ ನರಳಿ, ಕ್ಷಯ ಮೂಳೆಗೆ ತಗುಲಿ, 1879ರಲ್ಲಿ 35ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ಹುಣ್ಣು ತೊಳೆಯಲು 1873ರಲ್ಲಿ ಹೋದ ಫಾದರ್ ಡೇಮಿಯನ್ 1889ರಲ್ಲಿ ಅದೇ ರೋಗದಿಂದ ಸತ್ತರು. ಕ್ರಿ.ಶ. 370ರ ಸುಮಾರಿಗೆ ಕೈಸರೈಯದ ಹೊರಗೆ ರೋಗಿಗಳಿಗೂ ಬಡವರಿಗೂ ದೊಡ್ಡ ಆಶ್ರಯ ಕಟ್ಟಿದ ಬಿಷಪ್ ಬಾಸಿಲ್ ಬದುಕಿಡೀ ಕಾಯಿಲೆಯವರೇ ಆಗಿದ್ದು ಐವತ್ತು ತುಂಬುವ ಮೊದಲೇ ಹೋದರು. ಇವರ ನಂಬಿಕೆಯನ್ನು ಯಾವ ತಕ್ಕಡಿಯಲ್ಲಿಟ್ಟು ತೂಗಿ ಕಡಿಮೆ ಎನ್ನೋಣ?

ಹೀಗಿರುವಾಗ, ಪ್ರಾರ್ಥಿಸಿಯೂ ಗುಣವಾಗದ ಮಗುವಿನ ತಾಯಿಗೆ ‘ನಿಮ್ಮಲ್ಲಿ ನಂಬಿಕೆ ಸಾಲದು ಅಮ್ಮಾ’ ಎಂದು ಹೇಳುವುದಕ್ಕಿಂತ ದೊಡ್ಡ ಕ್ರೌರ್ಯ ನನಗೆ ಗೊತ್ತಿಲ್ಲ. ರೋಗದ ಭಾರ ಹೊತ್ತವರ ಹೆಗಲಿಗೆ ಅಪರಾಧದ ಭಾರವನ್ನೂ ಹೊರಿಸುವ ಮಾತು ಅದು. ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನೋ ಹೆತ್ತವರೋ ಎಂದು ಶಿಷ್ಯರು ಕೇಳಿದಾಗ ಯೇಸು ಇಬ್ಬರೂ ಅಲ್ಲವೆಂದರು. ಆ ಉತ್ತರ ಇದ್ದ ಮೇಲೂ ಅದೇ ಪ್ರಶ್ನೆಯನ್ನು ಯೇಸುವಿನ ಹೆಸರಿನಲ್ಲೇ ರೋಗಿಗೆ ಕೇಳುವುದು ತಪ್ಪು.

ಮಾತ್ರೆ ಬಿಟ್ಟು ಬರೀ ಪ್ರಾರ್ಥನೆ ಮಾಡಿರೆನ್ನುವುದೂ ಅಷ್ಟೇ ತಪ್ಪು. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಔಷಧಿ. ಎರಡು ತಿಂಗಳಿಗೇ ಕೆಮ್ಮು ನಿಂತು ಮೈ ಹಗುರಾದಾಗ ಗುಣವಾಯಿತೆಂದು ಮಾತ್ರೆ ಬಿಟ್ಟರೆ ಉಳಿದ ರೋಗಾಣು ಮದ್ದಿಗೆ ಬಗ್ಗದಂತೆ ಬಲಿಯಬಹುದು, ಪಕ್ಕದಲ್ಲಿ ಮಲಗುವ ಮಗುವಿಗೂ ಹರಡಬಹುದು. ಮೂರ್ಛೆರೋಗಕ್ಕೆ, ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ದಿನವೂ ನುಂಗುವ ಮಾತ್ರೆ, ಚುಚ್ಚಿಕೊಳ್ಳುವ ಇನ್ಸುಲಿನ್ ದೇವರ ಕೈಯನ್ನು ತಡೆಯುವುದಿಲ್ಲ. ಕಥೋಲಿಕರ ಬೈಬಲಿನಲ್ಲಿರುವ ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನು ಗೌರವಿಸಲು ಹೇಳುತ್ತದೆ. ಮದ್ದನ್ನು ಮಣ್ಣಿನಿಂದ ಬರಿಸಿದವನು ದೇವರೇ ಎನ್ನುತ್ತದೆ. ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೈಸೂರು ಸೀಮೆಯ ಊರುಗಳಲ್ಲಿ ಸಿಡುಬಿಗೆ ಹಾಕಿದ ದಾಕು ಅವರ ಪ್ರಾರ್ಥನೆಯ ಒಂದು ಭಾಗವೇ ಆಗಿತ್ತೆಂದು ನಾನು ನಂಬುತ್ತೇನೆ.

2005ರ ಜನವರಿಯಲ್ಲಿ, ದೇವನಹಳ್ಳಿಯ ದಾರಿಯಲ್ಲಿ ಸಿಗುವ ಜಕ್ಕೂರಿನ ವಿಮಾನ ಮೈದಾನದಲ್ಲಿ, ಅಮೆರಿಕದ ಕ್ರೈಸ್ತ ಪ್ರಚಾರಕ ಬೆನ್ನಿ ಹಿನ್ ಅವರ ಮೂರು ದಿನಗಳ ಸ್ವಸ್ಥತಾ ಪ್ರಾರ್ಥನಾ ಸಭೆ ನಡೆಯಿತು. ಅದರ ಸುತ್ತ ಆಗ ಎದ್ದ ವಾದವಿವಾದಗಳು ತಣ್ಣಗಾಗಿ ಬಹಳ ಕಾಲವಾಯಿತು. ನನ್ನ ಮನಸ್ಸಿನಲ್ಲಿ ಉಳಿಯುವುದು ಅಲ್ಲಿಗೆ ಬಂದ ಅಪಾರ ಜನ. ಅವರು ಮೋಜಿಗೆ ಬಂದವರಲ್ಲ. ಆಸ್ಪತ್ರೆಗಳನ್ನು ಸುತ್ತಿ ದಣಿದವರು, ಕೈಯಲ್ಲಿ ಕಾಸಿಲ್ಲದವರು, ಕೊನೆಯ ಆಸೆ ಹಿಡಿದವರು. ಅಂಥ ಸಭೆಗಳಲ್ಲಿ ಹೇಳುವ ಸಾಕ್ಷಿಗಳು ಯಾವಾಗಲೂ ನೋವು ನಿಂತ ಗಳಿಗೆಯಲ್ಲೇ ಮುಗಿಯುತ್ತವೆ. ಕಥೆ ಅಲ್ಲಿಗೆ ಮುಗಿದಿರುವುದಿಲ್ಲ. ಮನೆಗೆ ಮರಳಿದ ಮೇಲೆ ಏನಾಯಿತು? ನೋವು ಮತ್ತೆ ಬಂದವರು ಯಾರ ಬಳಿ ಹೋದರು? ಗುಣವಾಗದೆ ಹಿಂತಿರುಗಿದವರ ಜೊತೆ ಬಸ್ಸಿನಲ್ಲಿ ಯಾರು ಕೂತಿದ್ದರು?

ಈ ಪ್ರಶ್ನೆಗಳಿಗೆ ಧರ್ಮಸಭೆಯ ಹಳೆಯ ಆಚರಣೆಗಳಲ್ಲಿ ಒಂದು ತೆರನ ಉತ್ತರವಿದೆ. ರೋಗಿಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿರೆಂದು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ಹೇಳುತ್ತದೆ. ಶತಮಾನಗಳ ಕಾಲ ಕಥೋಲಿಕರಲ್ಲಿ ಅದು ಸಾಯುವವರ ಸಂಸ್ಕಾರವಾಗಿಬಿಟ್ಟಿತ್ತು; ಸ್ವಾಮಿಗಳು ಎಣ್ಣೆ ತಂದರೆ ಮನೆಯವರು ಅಳಲು ಶುರುಮಾಡುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ, 1972ರಲ್ಲಿ ಆರನೆಯ ಪೌಲ್ ಪೋಪರು ಇದರ ವಿಧಿಯನ್ನು ಹೊಸದಾಗಿ ರೂಪಿಸಿ ಗಂಭೀರ ಕಾಯಿಲೆಯವರೆಲ್ಲರ ಸಂಸ್ಕಾರವಾಗಿ ಮರಳಿಸಿದರು. ಆಲಿವ್ ಎಣ್ಣೆ ಸಿಗದ ಕಡೆ ಬೇರೆ ಗಿಡದ ಎಣ್ಣೆಯೂ ನಡೆಯುತ್ತದೆಂದರು. ಒಂದೇ ಎಣ್ಣೆ, ಒಂದೇ ಪ್ರಾರ್ಥನೆ. ಎದ್ದು ಓಡಾಡುವವರಿಗೂ ಅದೇ, ನಾಳೆ ಹೋಗುವವರಿಗೂ ಅದೇ. ಗುಣ ಎಂದರೆ ಇದೇ ಆಗಬೇಕು ಎಂದು ಆ ಸಂಸ್ಕಾರ ದೇವರಿಗೆ ಕಟ್ಟಳೆ ಹಾಕುವುದಿಲ್ಲ. ಪವಿತ್ರ ವಾರದಲ್ಲಿ ಬಿಷಪರು ಹೊಸ ಎಣ್ಣೆಯನ್ನು ಆಶೀರ್ವದಿಸಿದಾಗ ಹಳೆಯದನ್ನು ಸುಟ್ಟುಬಿಡುವ ಪದ್ಧತಿಯಿದೆ. ಗರಿಗಳ ಭಾನುವಾರ ಜಯಘೋಷದೊಡನೆ ಎತ್ತಿ ಹಿಡಿದ ಗರಿಯೇ ಒಣಗಿ, ಸುಟ್ಟು, ಮುಂದಿನ ವರ್ಷದ ಬೂದಿ ಬುಧವಾರ ಹಣೆಗೆ ಬೂದಿಯಾಗಿ ಬರುತ್ತದೆ. ಗುಣಪಡಿಸುವ ದೇವರನ್ನು ನಂಬುವ ಧರ್ಮವೇ, ನೀನು ಮಣ್ಣು ಎಂದು ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಹಣೆಯ ಮೇಲೂ ಬರೆಯುತ್ತದೆ. ಈ ಎರಡನ್ನೂ ಒಟ್ಟಿಗೆ ಹಿಡಿದಾಗಲೇ ನಂಬಿಕೆ ನೆಟ್ಟಗೆ ನಿಲ್ಲುತ್ತದೆ.

ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲೂ ಬುದ್ಧನ ಕೊನೆಯನ್ನು ‘ವೈಶಾಖಿ’ಯಲ್ಲೂ ಬರೆದರು. ಈ ಇಬ್ಬರು ಮಹಾಗುರುಗಳನ್ನು ಅವರ ಸಾವಿನ ಹೊತ್ತಿನಲ್ಲಿ ನೋಡಬೇಕೆಂದು ಕನ್ನಡದ ಕವಿಯೊಬ್ಬರಿಗೆ ಅನ್ನಿಸಿದ್ದು ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಮಗುವಿನ ಹೆಣ ಹೊತ್ತು ಬಂದ ಕಿಸಾಗೋತಮಿಗೆ ಬುದ್ಧ, ಸಾವಿಲ್ಲದ ಮನೆಯ ಸಾಸಿವೆ ತರಲು ಹೇಳಿ ಕಳಿಸಿದ. ನಾಯಿನೂರಿನ ಬಾಗಿಲಲ್ಲಿ ಒಬ್ಬನೇ ಮಗನ ಹೆಣದ ಹಿಂದೆ ಅಳುತ್ತ ಬರುತ್ತಿದ್ದ ವಿಧವೆಯನ್ನು ಕಂಡು ಯೇಸು ಚಟ್ಟ ಮುಟ್ಟಿ ಮಗನನ್ನು ಎಬ್ಬಿಸಿ ತಾಯಿಗೆ ಕೊಟ್ಟರು. ಒಬ್ಬರು ಕೊಡಲಿಲ್ಲ, ಒಬ್ಬರು ಕೊಟ್ಟರು ಎಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಆ ವಿಧವೆಯ ಮಗನೂ ಮುಂದೆ ಸತ್ತ. ಯೇಸು ಕೊಟ್ಟದ್ದು ಸಾವಿಲ್ಲದ ಮಗನನ್ನಲ್ಲ. ಮುಪ್ಪಿನಲ್ಲಿ ತಾಯಿಗೆ ಆಸರೆಯಾಗುವ ಕೆಲವು ವರ್ಷಗಳನ್ನು. ಬುದ್ಧ ಕೊಟ್ಟದ್ದು ಮನೆಮನೆಯ ದುಃಖದೊಡನೆ ಕಿಸಾಗೋತಮಿಯ ದುಃಖಕ್ಕೆ ನಂಟನ್ನು. ಇಬ್ಬರೂ ಆ ತಾಯಂದಿರನ್ನು ಒಂಟಿಯಾಗಿ ಬಿಡಲಿಲ್ಲ.

ಕ್ರೈಸ್ತರ ನಂಬಿಕೆ ಇಲ್ಲಿಗೆ ನಿಲ್ಲುವುದಿಲ್ಲ, ಪುನರುತ್ಥಾನದವರೆಗೆ ಹೋಗುತ್ತದೆ. ಅಲ್ಲೂ ಒಂದು ಅಚ್ಚರಿಯಿದೆ. ಸಾವನ್ನು ಗೆದ್ದು ಬಂದ ಯೇಸುವಿನ ಕೈಗಳಲ್ಲಿ ಮೊಳೆಯ ಗಾಯಗಳು ಹಾಗೇ ಇದ್ದವು. ತೋಮನಿಗೆ ಅವನ್ನೇ ತೋರಿಸಿದರು. ದೇವರ ಪೂರ್ಣ ಸ್ವಸ್ಥತೆ ಎಂದು ನಾವು ಯಾವುದನ್ನು ನಂಬುತ್ತೇವೆಯೋ ಅದರಲ್ಲೂ ಗಾಯ ಅಳಿಸಿಹೋಗಿಲ್ಲ. ನೋವು ಹೋಗಿದೆ, ಗಾಯ ಗುರುತಾಗಿ ಉಳಿದಿದೆ. ಹಾಗಾದರೆ ನಮ್ಮ ಊನ, ನಮ್ಮ ನೆನಪಿನ ಕಲೆ, ಕಳೆದುಕೊಂಡವರ ಜಾಗ, ಇವೆಲ್ಲ ಇದ್ದೂ ಮನುಷ್ಯ ಇಡಿಯಾಗಬಹುದು. ಕಾಲಿಲ್ಲದವರೂ, ಮನಸ್ಸಿನ ಕಾಯಿಲೆಯ ಜೊತೆ ಬಾಳುವವರೂ, ವಾಸಿಯಾಗದ ರೋಗ ಹೊತ್ತವರೂ ದೇವರ ಕಣ್ಣಿನಲ್ಲಿ ಅರೆಬರೆ ಮನುಷ್ಯರಲ್ಲ.

ಆದ್ದರಿಂದ ಗುಣಕ್ಕಾಗಿ ಬೇಡುವವರು ಧಾರಾಳವಾಗಿ ಬೇಡಲಿ, ನಾಚಿಕೆ ಬೇಡ. ದೊರೆತ ದಿನಗಳನ್ನು ಪೇತ್ರನ ಅತ್ತೆಯ ಹಾಗೆ ಎದ್ದು ಇನ್ನೊಬ್ಬರಿಗೆ ಬಡಿಸಲಿ. ನಮ್ಮ ಚರ್ಚುಗಳಿಗೆ, ಪ್ರಾರ್ಥನಾ ಕೂಟಗಳಿಗೆ ನನ್ನದೊಂದು ಬಿನ್ನಹವಿದೆ. ಸ್ವಸ್ಥತೆ ಹೊಂದಿದವರ ಸಾಕ್ಷಿ ಕೇಳುವಷ್ಟೇ ಗೌರವದಿಂದ, ಗುಣವಾಗದೆ ಹೋದವರ ಮನೆಯವರ ಸಾಕ್ಷಿಯನ್ನೂ ಕೇಳಿ. ಅಪ್ಪ ಕೊನೆಯ ತಿಂಗಳಲ್ಲಿ ಯಾರನ್ನು ಕ್ಷಮಿಸಿದ, ಅಜ್ಜಿ ಯಾವ ಹಳೆಯ ಜಗಳ ಮುಗಿಸಿ ಹೋದಳು, ಊಟ ಬಿಟ್ಟ ಮಗಳಿಗೆ ಯಾವ ನೆರೆಯಾಕೆ ದಿನವೂ ಗಂಜಿ ತಂದಳು ಎಂಬುದೂ ದೇವರ ಕೆಲಸವೇ. ಪ್ರಾರ್ಥಿಸಿದ ಕೈ ಆಸ್ಪತ್ರೆಯ ಬಿಲ್ಲಿಗೂ ಒದಗಲಿ, ರಾತ್ರಿಯ ಕಾವಲಿಗೂ ಬರಲಿ, ಕೊನೆಗೆ ಚಟ್ಟಕ್ಕೂ ಹೆಗಲಾಗಲಿ. ಒಬ್ಬರ ಮೈಯನ್ನು ಸಾವಿನಿಂದ ತಪ್ಪಿಸುವುದು ನಮ್ಮ ಕೈಯಲ್ಲಿಲ್ಲ. ಸಾಯುವವರೆಗೆ ಅವರನ್ನು ಒಬ್ಬಂಟಿಯಾಗಿ ಬಿಡದಿರುವುದು ನಮ್ಮ ಕೈಯಲ್ಲಿದೆ. ಗುಣಪಡಿಸುವ ದೇವರನ್ನು ನಂಬುತ್ತೇವೆಂದು ಹೇಳುವವರ ಮೇಲೆ ಆ ಹೊಣೆ ಎಲ್ಲರಿಗಿಂತ ಹೆಚ್ಚು.